ಹಿಟಾಚಿ ಬಕೆಟ್‌ನ ಹಲ್ಲು ಉದುರದಂತೆ ಕೂರಿಸುವ ಕ್ರಮ

ನಮ್ಮ ಕಡೆ ಹಿಟಾಚಿ ಎಂದೇ ಕರೆಯುವ ಅಗೆಯುವ ಯಂತ್ರದ ಬಕೆಟ್‌ನಿಂದ ಹಲ್ಲು ಕಳಚಿ ಬಿದ್ದರೆ ಮೊದಲ ದೂರು ಪಿನ್ನಿನ ಮೇಲೆ. ಪಿನ್ ಗಟ್ಟಿಯಿಲ್ಲವೆಂದು ಇನ್ನೊಂದು ಅಂಗಡಿಯ ಪಿನ್ ತರುತ್ತಾರೆ, ಅದೂ ನಿಲ್ಲದಿದ್ದರೆ ಹಲ್ಲನ್ನೇ ಅಡಾಪ್ಟರ್‌ಗೆ (ಬಕೆಟ್‌ನ ಅಂಚಿಗೆ ಬೆಸೆದ, ಹಲ್ಲು ಕೂರುವ ಗೂಟಕ್ಕೆ) ಸೇರಿಸಿ ನಾಲ್ಕು ಬೊಟ್ಟು ವೆಲ್ಡಿಂಗ್ ಹಾಕಿಸುತ್ತಾರೆ. ಉಡುಪಿ, ಮಂಗಳೂರು ಸುತ್ತ ಮನೆ ಜಾಗ ತಟ್ಟು ಮಾಡುವ ಯಂತ್ರಗಳಿಂದ ಹಿಡಿದು ಕಾರ್ಕಳದ ಕಡೆಯ ಕಲ್ಲುಕೋರೆಗಳ ಯಂತ್ರಗಳವರೆಗೆ ಈ ಬೊಟ್ಟುಗಳು ಧಾರಾಳವಾಗಿ ಕಾಣುತ್ತವೆ. ಇದು ತಪ್ಪು ಚಿಕಿತ್ಸೆ. ಏಕೆಂದರೆ ಹಲ್ಲಿನ ಮೇಲೆ ಬೀಳುವ ಭಾರವನ್ನು ಹೊರುವುದು ಪಿನ್ ಅಲ್ಲ. ಅಡಾಪ್ಟರ್‌ನ ಮೂಗು ಹಲ್ಲಿನ ಒಳಪೊಳ್ಳಿನೊಳಗೆ ತುಂಬಿ ಕುಳಿತಿರುತ್ತದೆ. ಅಗೆಯುವಾಗಿನ ಒತ್ತಡವೆಲ್ಲ ಆ ಎರಡು ಮೈಗಳ ನಡುವೆ ಹಾದುಹೋಗುತ್ತದೆ. ಹಲ್ಲು ಮುಂದಕ್ಕೆ ಜಾರದಂತೆ ಹಿಡಿದಿಡುವುದಷ್ಟೇ ಪಿನ್ನಿನ ಕೆಲಸ. ಮೂಗು ಸವೆದು ಸಡಿಲವಾದರೆ ಮಾತ್ರ ಭಾರ ಪಿನ್ನಿನ ಮೇಲೆ ಬೀಳುತ್ತದೆ. ಆಗ ಎಷ್ಟು ಒಳ್ಳೆಯ ಪಿನ್ ಹಾಕಿದರೂ ಅದು ಬಾಗುತ್ತದೆ, ತುಂಡಾಗುತ್ತದೆ ಅಥವಾ ಹೊರಗೆ ಸರಿಯುತ್ತದೆ.

ಹಾಗಾಗಿ ಈ ಲೇಖನದಲ್ಲಿ ಸುತ್ತಿಗೆಯ ಕೆಲಸಕ್ಕಿಂತ ಹೆಚ್ಚು ಜಾಗವನ್ನು ಮೂಗಿನ ತಪಾಸಣೆಗೆ ಕೊಟ್ಟಿದ್ದೇನೆ.

ನಿಮ್ಮ ಬಕೆಟ್‌ನಲ್ಲಿರುವುದು ಯಾವ ಬಗೆ?

ನಮ್ಮೂರಿನಲ್ಲಿ ಓಡುವ ಯಂತ್ರಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಜೋಡಣೆ ಕಾಣುತ್ತದೆ. ಮೊದಲನೆಯದು ಅಡ್ಡಪಿನ್: ಹಲ್ಲಿನ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಪಿನ್ ಹಾಯುತ್ತದೆ, ಅಡಾಪ್ಟರ್‌ನ ಪಕ್ಕದ ಗುಳಿಯಲ್ಲಿ ಕುಳಿತ ಉಂಗುರದಂಥ ಲಾಕ್ ವಾಷರ್ ಪಿನ್ನಿನ ಸುತ್ತಲಿನ ತೋಡಿಗೆ ಕಚ್ಚಿಕೊಳ್ಳುತ್ತದೆ. ಎರಡನೆಯದು ನೆಟ್ಟಪಿನ್: ಮೇಲಿನಿಂದ ಕೆಳಗೆ ಪಿನ್ ಇಳಿಯುತ್ತದೆ, ಅದನ್ನು ಹಿಡಿಯುವುದು ಉಕ್ಕಿನ ತುಂಡು ಅಂಟಿಸಿದ ರಬ್ಬರ್ ಲಾಕ್. ಮೂರನೆಯದು ಬೋಲ್ಟ್ ಹಲ್ಲು: ಮುಂದೆ ಲೋಡರ್, ಹಿಂದೆ ಅಗೆಯುವ ತೋಳು ಇರುವ ಜೆಸಿಬಿ 3ಡಿಎಕ್ಸ್‌ನಂಥ ಯಂತ್ರಗಳ ಸಣ್ಣ ಬಕೆಟ್‌ನಲ್ಲಿ ಪ್ರತಿ ಹಲ್ಲನ್ನೂ ಎರಡು ಬೋಲ್ಟ್‌ಗಳು ನೇರವಾಗಿ ಲಿಪ್‌ಗೆ (ಬಕೆಟ್‌ನ ಬಾಯಿಯ ಅಂಚಿಗೆ) ಬಿಗಿಯುತ್ತವೆ, ಅಲ್ಲಿ ಅಡಾಪ್ಟರ್ ಇರುವುದಿಲ್ಲ.

ಅಂಗಡಿಗೆ ಹೋಗುವಾಗ ಹಳೆಯ ಹಲ್ಲು, ಪಿನ್, ಲಾಕ್ ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ‘20 ಟನ್ ಹಿಟಾಚಿಯ ಹಲ್ಲು ಕೊಡಿ’ ಎಂದು ಕೇಳಿ ತರುವುದು ಸಾಲದು. ಯಂತ್ರ ಒಂದು ಕಂಪನಿಯದ್ದಾಗಿ, ಬಕೆಟ್ ಇನ್ನೊಂದು ಕಡೆ ಕಟ್ಟಿಸಿದ್ದಾಗಿ, ಅಡಾಪ್ಟರ್ ಮೂರನೆಯ ಬಗೆಯದಾಗಿರುವುದು ಇಲ್ಲಿ ಅಪರೂಪವಲ್ಲ. ಹಲ್ಲಿನ ಮೈಮೇಲೆ ಎರಕದಲ್ಲಿ ಮೂಡಿಸಿದ ಸಂಖ್ಯೆಯನ್ನು ತಂತಿ ಬ್ರಷ್‌ನಿಂದ ಉಜ್ಜಿ ಓದಿ. ಉದಾಹರಣೆಗೆ 1ಯು3352 ಎಂದಿದ್ದರೆ ಅದು ಕ್ಯಾಟರ್‌ಪಿಲ್ಲರ್‌ನ ಜೆ350 ಅಳತೆ. 1ಯು3302 ಎಂದಿದ್ದರೆ ಜೆ300. ನೋಡಲು ಎರಡೂ ಅಣ್ಣತಮ್ಮಂದಿರಂತೆ ಇರುತ್ತವೆ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಸಂಖ್ಯೆ ಅಳಿಸಿಹೋಗಿದ್ದರೆ ಪಿನ್ನಿನ ದಪ್ಪ ಮತ್ತು ಉದ್ದ, ಪೊಳ್ಳಿನ ಅಗಲ ಮತ್ತು ಎತ್ತರ ಅಳೆದು ಬರೆದುಕೊಳ್ಳಿ. ಹಲ್ಲು, ಪಿನ್, ಲಾಕ್ ಮೂರೂ ಒಂದೇ ಅಳತೆಯ ಸರಣಿಯವಾಗಿರಲಿ. ಪಿನ್ ಹೊಸದು, ವಾಷರ್ ಹಳೆಯದು ಎಂಬ ಉಳಿತಾಯ ಬೇಡ. ಆ ಪುಟ್ಟ ವಾಷರಿನ ಬೆಲೆ ಕಳೆದುಹೋಗುವ ಹಲ್ಲಿನ ಬೆಲೆಯ ಮುಂದೆ ಏನೂ ಅಲ್ಲ. ಕೋರೆಯಲ್ಲಾದರೆ ನಷ್ಟ ಅಲ್ಲಿಗೂ ನಿಲ್ಲುವುದಿಲ್ಲ. ಕಲ್ಲಿನ ಜೊತೆ ಟಿಪ್ಪರ್ ಏರಿದ ಹಲ್ಲು ಕಲ್ಲು ಒಡೆಯುವ ಜಾ ಕ್ರಷರಿನ ಬಾಯಿಗೆ ಬಿದ್ದರೆ ಅದು ಪುಡಿಯಾಗುವ ವಸ್ತುವಲ್ಲ. ಕ್ರಷರೇ ಮುರಿಯುತ್ತದೆ, ಸಿಕ್ಕಿಕೊಂಡ ತುಂಡು ಚಿಮ್ಮಿದರೆ ಹತ್ತಿರ ನಿಂತವರ ಜೀವಕ್ಕೇ ಅಪಾಯ.

ಮಣ್ಣಿಗೆ ತಕ್ಕ ಹಲ್ಲು

ಕರಾವಳಿಯ ನೆಲ ಒಂದೇ ಅಗೆತದಲ್ಲಿ ಬಣ್ಣ ಬದಲಿಸುತ್ತದೆ. ಮೇಲೆ ಬಿಸಿಲು, ಗಾಳಿ ತಾಗಿ ಗಟ್ಟಿಯಾದ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಸ್ವಲ್ಪ ಕೆಳಗೆ ಅದೇ ಕಲ್ಲು ಮೆದು. ಇನ್ನೂ ಕೆಳಗೆ ಬಿಳಿ, ಹಳದಿ, ನಸುಗೆಂಪು ಛಾಯೆಯ ಶೇಡಿ ಮಣ್ಣು. ಮುರಕಲ್ಲಿನ ಮೇಲ್ಪದರಕ್ಕೆ ಒಳಹೊಗುವ ಮೊನೆ ಬೇಕು. ಉಳಿಯಾಕಾರದ ರಾಕ್ ಹಲ್ಲು ಅಲ್ಲಿ ಚೆನ್ನಾಗಿ ನಡೆಯುತ್ತದೆ. ಹುಲಿಯುಗುರಿನಂತೆ ಚೂಪಾದ ಟೈಗರ್ ಹಲ್ಲು ಇನ್ನೂ ಬೇಗ ಒಳಹೋಗುತ್ತದೆ, ಆದರೆ ಅದರಲ್ಲಿ ಉಕ್ಕು ಕಡಿಮೆ ಇರುವುದರಿಂದ ಸವೆತವೂ ಬೇಗ. ಶೇಡಿ ಮಣ್ಣು, ಗದ್ದೆ ಮಣ್ಣು, ಚರಂಡಿ ಕೆಲಸಕ್ಕೆ ಅಗಲ ಹಲ್ಲು ಅಥವಾ ಮಾಮೂಲಿ ಹಲ್ಲು ಸಾಕು. ಕಾರ್ಕಳದ ಸುತ್ತಲಿನ ಗಟ್ಟಿ ಶಿಲೆಯಲ್ಲಿ ಸ್ಫೋಟದ ನಂತರ ಕಲ್ಲು ತುಂಬುವ ಯಂತ್ರಕ್ಕಾದರೆ ದಪ್ಪ ಮೈಯ ರಾಕ್ ಹಲ್ಲೇ ಬೇಕು; ಅಲ್ಲಿ ಚೂಪಿಗಿಂತ ಉಜ್ಜಾಟ ತಡೆಯುವ ಉಕ್ಕು ಮುಖ್ಯ. ಎಲ್ಲ ಹಲ್ಲುಗಳೂ ಒಂದೇ ಆಕಾರದವಾಗಿರಲಿ. ಒಂದು ಉದ್ದ ಒಂದು ಗಿಡ್ಡ ಇದ್ದರೆ ಉದ್ದದ್ದರ ಮೇಲೆಯೇ ಪೂರ್ತಿ ಹೊಡೆತ ಬಿದ್ದು ಅದರ ಪಿನ್ ಮೊದಲು ಸಡಿಲಾಗುತ್ತದೆ.

ಕೆಲಸಕ್ಕೆ ಮೊದಲು

ಯಂತ್ರವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಬಕೆಟ್‌ನ ತಳ ನೆಲಕ್ಕೆ ಸಮವಾಗಿ ಕೂತಿರಲಿ, ಲಿಪ್‌ನ ಕೆಳಗೆ ಮರದ ದಿಮ್ಮಿ ಇಟ್ಟು ಹಲ್ಲುಗಳು ನೆಲದಿಂದ ತುಸು ಮೇಲಿರುವಂತೆ ಮಾಡಿ. ಮರ ಗಟ್ಟಿಯದಾಗಿರಲಿ, ತೆಂಗಿನ ಕಾಂಡದ ತುಂಡು ಸಿಗಿದು ಜಾರುತ್ತದೆ, ಮುರಕಲ್ಲನ್ನಂತೂ ಇಡಲೇಬಾರದು, ಹೊಡೆತಕ್ಕೆ ಅದು ಒಡೆಯುತ್ತದೆ. ಎಂಜಿನ್ ನಿಲ್ಲಿಸಿ, ಹೈಡ್ರಾಲಿಕ್ ಲಾಕ್ ಲಿವರ್ ಹಾಕಿ, ಕೀಲಿಯನ್ನು ಹಲ್ಲು ಬದಲಿಸುವವರೇ ಜೇಬಿಗೆ ಹಾಕಿಕೊಳ್ಳಿ. ಬಕೆಟನ್ನು ಗಾಳಿಯಲ್ಲಿ ಎತ್ತಿಹಿಡಿದು ಅದರ ಕೆಳಗೆ ಕೂತು ಪಿನ್ ಹೊಡೆಯುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಒಂದು ಹೋಸ್ ಒಡೆದರೆ ಓಡಲು ಸಮಯ ಸಿಗುವುದಿಲ್ಲ.

ಇನ್ನು ಕಣ್ಣು. ಪಿನ್ ಗಟ್ಟಿ ಉಕ್ಕು, ಸುತ್ತಿಗೆಯೂ ಗಟ್ಟಿ ಉಕ್ಕು. ಎರಡು ಗಟ್ಟಿ ಉಕ್ಕುಗಳು ಬಡಿದುಕೊಂಡಾಗ ಅಂಚಿನಿಂದ ಚೂರು ಸಿಡಿಯುತ್ತದೆ, ಅದರ ವೇಗಕ್ಕೆ ರೆಪ್ಪೆ ಮುಚ್ಚುವಷ್ಟು ಹೊತ್ತೂ ಸಿಗುವುದಿಲ್ಲ. ಪಕ್ಕವೂ ಮುಚ್ಚಿರುವ ಸುರಕ್ಷಾ ಕನ್ನಡಕ ಹೊಡೆಯುವವರಿಗೂ ಬೇಕು, ಪಂಚ್ (ಪಿನ್ನಿಗಿಟ್ಟು ಹೊಡೆಯುವ ಉಕ್ಕಿನ ಸರಳು) ಹಿಡಿಯುವವರಿಗೂ ಬೇಕು. ತಂಪು ಕನ್ನಡಕ ಇದಕ್ಕೆ ಆಗದು. ಪಂಚನ್ನು ಕೈಯಲ್ಲಿ ಹಿಡಿಯದೆ ಉದ್ದ ಹಿಡಿಯ ಇಕ್ಕಳದಲ್ಲಿ ಹಿಡಿಸಿ. ತಲೆ ಅಣಬೆಯಂತೆ ಅರಳಿದ ಪಂಚ್ ಇದ್ದರೆ ಮೊದಲು ಗ್ರೈಂಡರ್‌ನಲ್ಲಿ ಅದರ ಅಂಚು ತೆಗೆಯಿರಿ. ಒಂದು ಸುತ್ತಿಗೆಯನ್ನು ಪಿನ್ನಿಗಿಟ್ಟು ಅದರ ಮೇಲೆ ಇನ್ನೊಂದು ಸುತ್ತಿಗೆಯಿಂದ ಹೊಡೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಕಣ್ಣಿಗೆ ಚೂರು ಹೊಕ್ಕಿದರೆ ಉಜ್ಜಬೇಡಿ, ತೆಗೆಯಲು ಹೋಗಬೇಡಿ. ಕಣ್ಣಿನ ಮೇಲೆ ಒತ್ತಡ ಬೀಳದಂತೆ ಮುಚ್ಚಿ ನೇರವಾಗಿ ಕಣ್ಣಿನ ಆಸ್ಪತ್ರೆಗೆ ಹೋಗಿ.

ಹಳೆಯ ಹಲ್ಲು ಬಿಚ್ಚುವುದು

ಅಡ್ಡಪಿನ್ನಿನಲ್ಲಿ ವಾಷರ್ ಯಾವ ಪಕ್ಕದಲ್ಲಿದೆ ಎಂದು ಮೊದಲು ನೋಡಿ. ಪಿನ್ನನ್ನು ವಾಷರ್ ಇರುವ ಪಕ್ಕದಿಂದ ಆಚೆಗೆ ಹೊಡೆದು ಹೊರಡಿಸಬೇಕು. ನೆಟ್ಟಪಿನ್ನನ್ನು ಮೇಲಿನಿಂದ ಕೆಳಗೆ ಹೊಡೆಯಿರಿ. ಅದು ಬೀಳಲು ಕೆಳಗೆ ಜಾಗವಿರಲಿ. ಪಿನ್ನಿಗಿಂತ ತುಸು ತೆಳುವಾದ ಪಂಚ್ ಬಳಸಿ, ಇಲ್ಲದಿದ್ದರೆ ಪಂಚೇ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಹೊರಡದ ಪಿನ್ ನಮ್ಮ ಕರಾವಳಿಯ ದೊಡ್ಡ ತಲೆನೋವು. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ, ಉಳಿದ ತಿಂಗಳು ಉಪ್ಪಿನ ಗಾಳಿ. ಅದಕ್ಕೆ ಸೇರಿಕೊಂಡು ಹಲ್ಲಿನ ಪೊಳ್ಳಿಗೆ ನುಗ್ಗಿದ ಶೇಡಿ ಮಣ್ಣು ಒಣಗಿ ಸಿಮೆಂಟಿನಂತಾಗಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸುರಿದಿಡಿ. ಬೆಳಿಗ್ಗೆ ಪ್ರೆಷರ್ ನೀರಿನಲ್ಲಿ ಮಣ್ಣು ತೊಳೆಯಿರಿ. ಆಮೇಲೆ ಪಿನ್ನಿಗೆ ಹೊಡೆಯುವ ಮೊದಲು ಹಲ್ಲಿನ ಕೆನ್ನೆಗೆ ಎರಡೂ ಕಡೆಯಿಂದ ನಾಲ್ಕಾರು ಪೆಟ್ಟು ಕೊಡಿ. ಒಳಗಿನ ತುಕ್ಕು ಬಿರುಕು ಬಿಡಲು ಅದು ಸಾಕಾಗುತ್ತದೆ. ಕೊನೆಯ ಉಪಾಯ ಗ್ಯಾಸ್ ಕಟ್ಟರ್. ಅದನ್ನು ಬಳಸುವುದಾದರೆ ಎಣ್ಣೆ ಪೂರ್ತಿ ಒರೆಸಿ, ಬೆಂಕಿ ಆರಿಸುವ ಸಿಲಿಂಡರ್ ಹತ್ತಿರ ಇಟ್ಟುಕೊಂಡು, ಹಳೆಯ ಹಲ್ಲನ್ನು ಮಾತ್ರ ಸೀಳಬೇಕು. ಜ್ವಾಲೆ ಮೂಗಿಗೆ ಗೀರು ಹಾಕಿದರೆ ಆ ಗೀರಿನಿಂದಲೇ ನಾಳೆ ಬಿರುಕು ಹೊರಡುತ್ತದೆ. ರಬ್ಬರ್ ಲಾಕ್ ಇರುವ ಬಗೆಯಲ್ಲಿ ರಬ್ಬರ್ ಸುಟ್ಟ ಹೊಗೆ ಕುಡಿಯದಂತೆ ಗಾಳಿಯ ದಿಕ್ಕು ನೋಡಿ ನಿಲ್ಲಿ.

ಮೂಗನ್ನು ನೋಡುವುದು

ಹಲ್ಲು ಹೊರಬಂದ ಮೇಲೆ ಹೆಚ್ಚಿನವರು ಮಣ್ಣು ಕೊಡವಿ ಹೊಸದನ್ನು ಏರಿಸಿಬಿಡುತ್ತಾರೆ. ಇಲ್ಲಿ ಒಂದಷ್ಟು ಹೊತ್ತು ನಿಲ್ಲಬೇಕು. ತಂತಿ ಬ್ರಷ್ ಮತ್ತು ಕೆತ್ತುಗತ್ತಿಯಿಂದ ಮೂಗಿನ ನಾಲ್ಕೂ ಮೈ, ತುದಿ, ಪಿನ್ನಿನ ತೂತು, ವಾಷರಿನ ಗುಳಿ ಎಲ್ಲವನ್ನೂ ಲೋಹ ಕಾಣುವವರೆಗೆ ಉಜ್ಜಿ. ಮೂಲೆಯಲ್ಲಿ ಒಂದು ಅಕ್ಕಿಕಾಳಿನಷ್ಟು ಮಣ್ಣು ಉಳಿದರೂ ಹಲ್ಲು ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ. ಪಿನ್ ಹೇಗೋ ತೂರುತ್ತದೆ, ಬಿಗಿ ಇದೆ ಎಂದು ನೀವು ನಂಬುತ್ತೀರಿ. ಎರಡು ತಾಸು ಅಗೆದಾಗ ಆ ಮಣ್ಣು ಪುಡಿಯಾಗಿ ಹೋಗುತ್ತದೆ, ಹಲ್ಲು ಅಷ್ಟೇ ಸಡಿಲವಾಗುತ್ತದೆ.

ಈಗ ಹೊಸ ಹಲ್ಲನ್ನು ಪಿನ್ ಇಲ್ಲದೆ ಕೈಯಿಂದಲೇ ಏರಿಸಿ, ಹಿಂದಕ್ಕೆ ಒತ್ತಿ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಚೂರು ಅಲುಗಾಟ ಸಹಜ. ಎರಕದ ವಸ್ತುಗಳಿಗೆ ಅಷ್ಟು ಸಡಿಲು ಬಿಟ್ಟೇ ಮಾಡಿರುತ್ತಾರೆ. ಆದರೆ ಹಲ್ಲಿನ ಮೊನೆ ಕಣ್ಣಿಗೆ ಕಾಣುವಂತೆ ತೂಗಾಡಿದರೆ, ಅಥವಾ ಹಲ್ಲಿನ ಹಿಂದಿನ ಅಂಚು ಅಡಾಪ್ಟರ್‌ನ ಭುಜಕ್ಕೆ ಬಡಿದು ನಿಂತರೆ ಮೂಗು ಸವೆದಿದೆ ಎಂದೇ ಅರ್ಥ. ಇನ್ನೊಂದು ಪರೀಕ್ಷೆ ಇದೆ. ಮೂಗಿಗೆ ಸೀಮೆಸುಣ್ಣ ಬಳಿದು ಹಲ್ಲು ಏರಿಸಿ, ಮರದ ಸುತ್ತಿಗೆಯಿಂದ ಒಂದೆರಡು ಬಾರಿ ತಟ್ಟಿ ತೆಗೆಯಿರಿ. ಸುಣ್ಣ ಅಳಿಸಿದ ಕಡೆ ಮಾತ್ರ ಹಲ್ಲು ತಾಗುತ್ತಿದೆ. ತುದಿಯ ಚಪ್ಪಟೆ ಮೈಗಳಲ್ಲಿ ಮೇಲೂ ಕೆಳಗೂ ಅಳಿಸಿದ್ದರೆ ಜೋಡಣೆ ಚೆನ್ನಾಗಿದೆ. ಒಂದು ಮೂಲೆಯಲ್ಲಿ ಮಾತ್ರ ಗುರುತು ಬಿದ್ದಿದ್ದರೆ ಹಲ್ಲು ಆ ಮೂಲೆಯ ಮೇಲೆಯೇ ತಿರುಗುತ್ತದೆ. ಸವೆತ ಅಳೆಯುವ ಗೇಜನ್ನು ಹಲ್ಲು ತಯಾರಿಸುವ ಕಂಪನಿಗಳೇ ಕೊಡುತ್ತವೆ, ದೊಡ್ಡ ಬಕೆಟ್ ಇರುವವರು ಅದನ್ನು ಕೇಳಿ ಪಡೆಯಬೇಕು.

ಸವೆದ ಮೂಗಿಗೆ ತಗಡು ತುರುಕಿ ಬಿಗಿ ಮಾಡುವುದನ್ನು ಕೆಲವರು ಪರಿಹಾರವೆಂದು ಹೇಳುತ್ತಾರೆ. ಆ ದಿನದ ಕೆಲಸ ಮುಗಿಸಿಕೊಳ್ಳಲು ಅದು ನಡೆಯಬಹುದು, ಅದಕ್ಕಿಂತ ಹೆಚ್ಚು ನಂಬಬೇಡಿ. ಸರಿಯಾದ ದಾರಿ ಎರಡೇ: ತಿಳಿದ ವೆಲ್ಡರ್ ಕೈಯಲ್ಲಿ ಮೂಗನ್ನು ತುಂಬಿಸಿ ಅಳತೆಗೆ ಉಜ್ಜಿಸುವುದು, ಇಲ್ಲವೇ ಅಡಾಪ್ಟರನ್ನೇ ಬದಲಿಸುವುದು. ತೂತಿನ ಸುತ್ತ ಕೂದಲೆಳೆಯ ಬಿರುಕು ಕಂಡರೆ ಎರಡನೆಯದೇ ಗತಿ.

ಕೂರಿಸುವುದು

ಅಡ್ಡಪಿನ್ ಬಗೆಯಲ್ಲಿ ಮೊದಲು ವಾಷರನ್ನು ಅಡಾಪ್ಟರ್‌ನ ಗುಳಿಯಲ್ಲಿಡಿ. ಹಲ್ಲು ಏರಿಸುವಾಗ ಅದು ಜಾರಿ ಬೀಳದಂತೆ ಚೂರು ಗ್ರೀಸ್ ಮೆತ್ತಬಹುದು. ಹಲ್ಲನ್ನು ಏರಿಸಿ ಪೂರ್ತಿ ಹಿಂದಕ್ಕೆ ತಳ್ಳಿ. ದೊಡ್ಡ ಯಂತ್ರದ ಹಲ್ಲು ಹಲವು ಕಿಲೋ ತೂಗುತ್ತದೆ, ಕಾಲಿನ ಮೇಲೆ ಬಿದ್ದರೆ ಬೆರಳು ಉಳಿಯದು. ಉಕ್ಕಿನ ಮೂತಿಯ ಶೂ ಹಾಕಿಕೊಂಡಿರಿ. ತೂತುಗಳು ಒಂದಕ್ಕೊಂದು ಸರಿಯಾಗಿವೆಯೇ ಎಂದು ಬೆರಳು ತೂರಿಸಿ ನೋಡಬಾರದು. ಟಾರ್ಚ್ ಬಿಟ್ಟು ನೋಡಿ, ಪಂಚ್ ತೂರಿಸಿ ಸರಿಪಡಿಸಿ. ಅನಂತರ ಸಾಮಾನ್ಯವಾಗಿ ವಾಷರಿನ ಎದುರು ಪಕ್ಕದಿಂದ ಪಿನ್ ಹೊಡೆಯಬೇಕು; ನಿಮ್ಮ ಯಂತ್ರದ ಕೈಪಿಡಿ ಬೇರೆ ಹೇಳಿದ್ದರೆ ಅದರಂತೆಯೇ ಮಾಡಿ. ಮೊದಲ ಪೆಟ್ಟುಗಳು ಹಗುರವಾಗಿರಲಿ, ಪಿನ್ ನೇರ ಹಿಡಿದ ಮೇಲೆ ಜೋರು ಮಾಡಿ. ಪಿನ್ನಿನ ಎರಡೂ ತುದಿಗಳು ಹಲ್ಲಿನ ಕಿವಿಯ (ಪಿನ್ನಿನ ತೂತಿರುವ ಪಕ್ಕದ) ಮೈಗೆ ಸಮವಾಗಿ ಅಥವಾ ತುಸು ಒಳಗಿರಬೇಕು. ಒಂದು ತುದಿ ಹೊರಗೆ ಇಣುಕುತ್ತಿದ್ದರೆ ವಾಷರ್ ಪಿನ್ನಿನ ತೋಡಿಗೆ ಕಚ್ಚಿಲ್ಲ. ಹಾಗೆಯೇ ಬಿಟ್ಟರೆ ಕಲ್ಲು ಅದನ್ನು ಉಜ್ಜಿ ಹೊರದೂಡುತ್ತದೆ. ಕಚ್ಚಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಆಚೆ ಪಕ್ಕದಿಂದ ಪಂಚ್ ಇಟ್ಟು ಮೆಲ್ಲಗೆ ಒಂದು ಪೆಟ್ಟು ಕೊಡಿ. ಲಾಕ್ ಆದ ಪಿನ್ ಅಷ್ಟಕ್ಕೆ ಹಿಂದೆ ಸರಿಯುವುದಿಲ್ಲ.

ಪಿನ್ ಬೆಣ್ಣೆಯಲ್ಲಿ ಇಳಿದಂತೆ ಕೈಯಿಂದಲೇ ತೂರಿದರೆ ಸಂತೋಷಪಡಬೇಡಿ. ಪಿನ್ನಿನ ಅಳತೆ ತಪ್ಪಿರಬೇಕು, ಇಲ್ಲವೇ ವಾಷರ್ ಒಳಗೆ ಇಲ್ಲದಿರಬೇಕು. ಹಾಗೆಯೇ ಎಷ್ಟು ಹೊಡೆದರೂ ಹೋಗದಿದ್ದರೆ ಇನ್ನೂ ದೊಡ್ಡ ಸುತ್ತಿಗೆ ತರುವ ಬದಲು ಹಲ್ಲು ತೆಗೆದು ಮೂಗಿನ ಮೇಲೆ ಮಣ್ಣು ಉಳಿದಿದೆಯೇ ನೋಡಿ.

ನೆಟ್ಟಪಿನ್ ಬಗೆಯಲ್ಲಿ ರಬ್ಬರ್ ಲಾಕನ್ನು ಅಡಾಪ್ಟರ್‌ನ ಸೀಳಿನಲ್ಲಿ ಸರಿಯಾದ ಮುಖ ಮಾಡಿ ಇಡಬೇಕು. ಲಾಕಿನ ಉಬ್ಬು ಪಿನ್ನಿನ ತಗ್ಗಿಗೆ ಎದುರಾಗಿರಬೇಕು. ಇದರ ರಬ್ಬರಿಗೆ ಎಣ್ಣೆ, ಗ್ರೀಸ್ ತಾಗಿಸಬೇಡಿ, ಅದು ಉಬ್ಬಿ ಮೆತ್ತಗಾಗುತ್ತದೆ. ಬೇಕಿದ್ದರೆ ಸೋಪಿನ ನೀರು ಸಾಕು. ಪಿನ್ ಇಳಿದ ಮೇಲೆ ಅದರ ತಲೆ ಹಲ್ಲಿನ ಮೇಲ್ಮೈಗಿಂತ ಎತ್ತರದಲ್ಲಿರಬಾರದು.

ಬೋಲ್ಟ್ ಹಲ್ಲಿನಲ್ಲಿ ಸಂಗತಿ ಬೇರೆ. ಹಲ್ಲಿನ ಮೈ ಲಿಪ್‌ನ ಮೈಗೆ ಪೂರ್ತಿ ಅಂಟಿ ಕೂರಬೇಕು, ಅದಕ್ಕಾಗಿ ಬಣ್ಣ, ತುಕ್ಕು, ಹಳೆಯ ವೆಲ್ಡಿಂಗಿನ ಗಂಟು ಎಲ್ಲವನ್ನೂ ಗ್ರೈಂಡರ್‌ನಿಂದ ತೆಗೆಯಿರಿ. ಬಕೆಟ್‌ನ ಜೊತೆ ಬಂದ ಬೋಲ್ಟಿನ ತಲೆಯ ಮೇಲೆ 10.9 ಎಂಬ ಬಲದ ದರ್ಜೆಯ ಗುರುತಿದ್ದರೆ ಹೊಸದರ ಮೇಲೂ ಅದೇ ಇರಲಿ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಬೋಲ್ಟ್ ಹಾಕಿದರೆ ಅದು ಜಗ್ಗಿ ಉದ್ದವಾಗುತ್ತದೆ, ನಟ್ ಬಿಗಿಯಾಗಿಯೇ ಕಂಡರೂ ಹಲ್ಲು ಅಲುಗಾಡುತ್ತದೆ. ಎರಡೂ ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವಾಗಿ ಸರದಿಯಲ್ಲಿ ಬಿಗಿಯಿರಿ, ಟಾರ್ಕ್ ಸ್ಪ್ಯಾನರ್‌ನಲ್ಲಿ ಕೈಪಿಡಿಯ ಅಂಕಿಗೆ ಮುಗಿಸಿ. ಕೆಲವು ತಾಸು ಅಗೆದ ನಂತರ ಮತ್ತೆ ಬಿಗಿಯಬೇಕು.

ಮೊದಲ ಪಾಳಿ ಮುಗಿದ ಮೇಲೆ ಯಾವ ಬಗೆಯ ಹಲ್ಲೇ ಇರಲಿ, ಒಂದೊಂದನ್ನೂ ನೋಡಿ. ಪಿನ್ ಸರಿದಿದ್ದರೆ ಆಗಲೇ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಬೆಳಿಗ್ಗೆ ಎಂಜಿನ್ ಎಣ್ಣೆ ನೋಡುವಾಗಲೇ ಹಲ್ಲು ಎಣಿಸುವುದನ್ನೂ ಸೇರಿಸಿಕೊಳ್ಳಿ; ಕ್ರಷರಿಗೆ ಕಲ್ಲು ತುಂಬುವ ಯಂತ್ರದಲ್ಲಿ ಊಟದ ಬಿಡುವಿನಲ್ಲೂ ಎಣಿಸಬೇಕು.

ವೆಲ್ಡಿಂಗ್ ಎಲ್ಲಿ ಬೇಕು, ಎಲ್ಲಿ ಬೇಡ

ಹಲ್ಲಿಗೆ ವೆಲ್ಡಿಂಗ್ ಬೇಡ ಎಂದು ಆಗಲೇ ಹೇಳಿದೆ. ಕಾರಣವನ್ನೂ ಹೇಳಬೇಕು. ಹಲ್ಲು ಮಿಶ್ರಲೋಹದ ಉಕ್ಕನ್ನು ಎರಕ ಹೊಯ್ದು, ಕಾಯಿಸಿ, ತಣಿಸಿ ಗಟ್ಟಿ ಮಾಡಿದ ವಸ್ತು. ಅದರ ಮೇಲೆ ಬೊಟ್ಟು ಹಾಕಿದಾಗ ಆ ಜಾಗ ಕ್ಷಣದಲ್ಲಿ ಕಾದು ಕ್ಷಣದಲ್ಲಿ ತಣಿದು ಗಾಜಿನಂತೆ ಪೆಡಸಾಗುತ್ತದೆ. ಬಿರುಕು ಅಲ್ಲಿಂದ ಹೊರಟು ಹಲ್ಲಿಗಷ್ಟೇ ಅಲ್ಲ, ಅಡಾಪ್ಟರಿಗೂ ಹೋಗುತ್ತದೆ. ಮುಂದಿನ ಬಾರಿ ಬಿಚ್ಚಲು ಗ್ಯಾಸ್ ಕಟ್ಟರ್ ಬೇಕು, ಆಗ ಮೂಗಿಗೆ ಇನ್ನೊಂದು ಗಾಯ.

ಅಡಾಪ್ಟರನ್ನು ಲಿಪ್‌ಗೆ ಸೇರಿಸಲು ವೆಲ್ಡಿಂಗ್ ಬೇಕೇ ಬೇಕು, ಆದರೆ ರಸ್ತೆಬದಿಯ ಅವಸರದ ಕೆಲಸವಾಗಿ ಅಲ್ಲ. ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದ ಒಳ್ಳೆಯ ಶೆಡ್ಡಿನಲ್ಲಿ ಮಾಡಿಸಿ, ಹತ್ತಿರವೇ ನಿಂತು ಇವಿಷ್ಟನ್ನು ನೋಡಿಕೊಳ್ಳಿ. ರಾಡ್ 7018ರಂಥ ಕಡಿಮೆ ಹೈಡ್ರೋಜನ್ ಬಗೆಯದಾಗಿರಲಿ, ಪೆಟ್ಟಿಗೆ ಒಡೆದು ನಮ್ಮ ಹಸಿ ಗಾಳಿಯಲ್ಲಿ ಬಿಟ್ಟಿದ್ದ ರಾಡ್ ಆದರೆ ತಯಾರಕರು ಹೇಳಿದ ಶಾಖದಲ್ಲಿ ಓವನ್‌ನಲ್ಲಿ ಒಣಗಿಸಿರಬೇಕು. ತೇವದ ರಾಡಿನಿಂದ ಹೈಡ್ರೋಜನ್ ಬೆಸುಗೆಯೊಳಗೆ ಸೇರುತ್ತದೆ, ಬಿರುಕು ಮರುದಿನ ಕಾಣಿಸಿಕೊಳ್ಳುತ್ತದೆ. ಲಿಪ್ ಮತ್ತು ಅಡಾಪ್ಟರ್ ಎರಡನ್ನೂ ಮೊದಲು ಕಾಯಿಸಬೇಕು. ಸಾಮಾನ್ಯವಾಗಿ 150 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಉಕ್ಕಿನ ಬಗೆ ಮತ್ತು ದಪ್ಪಕ್ಕೆ ತಕ್ಕಂತೆ ಹೆಚ್ಚುಕಡಿಮೆ. ಕೈ ಮುಟ್ಟಿ ಅಂದಾಜು ಮಾಡುವುದಲ್ಲ, ತಾಪ ತೋರಿಸುವ ಬಳಪದಿಂದ ನೋಡಬೇಕು. ನೇರ ದಾರ ಕಟ್ಟಿ ಎಲ್ಲ ಅಡಾಪ್ಟರ್‌ಗಳ ಮೂಗೂ ಒಂದೇ ಗೆರೆಯಲ್ಲಿವೆಯೇ ಪರೀಕ್ಷಿಸಿ. ಬೆಸುಗೆ ಮುಗಿದ ಮೇಲೆ ನೀರು ಎರಚದೆ, ಕಂಬಳಿಯಂಥ ಶಾಖನಿರೋಧಕ ಹೊದಿಕೆಯಡಿ ನಿಧಾನವಾಗಿ ತಣಿಯಲು ಬಿಡಿ. ಬಕೆಟ್ ಯಂತ್ರದಲ್ಲೇ ಇದ್ದರೆ ಬ್ಯಾಟರಿ ತಂತಿ ಬಿಚ್ಚಿ, ಅರ್ತ್ ಕ್ಲ್ಯಾಂಪನ್ನು ಬಕೆಟ್‌ಗೇ, ಬೆಸುಗೆಯ ಹತ್ತಿರವೇ ಹಾಕಿ. ಕರೆಂಟು ತೋಳಿನ ಪಿನ್, ಬುಷ್ ಮೂಲಕ ಹಾಯಬಾರದು.

ಓಡಿಸುವಾಗ, ನಿಲ್ಲಿಸಿಡುವಾಗ

ಹಲ್ಲು ನೆಲದೊಳಗೆ ಇರುವಾಗ ಯಂತ್ರವನ್ನು ಪಕ್ಕಕ್ಕೆ ತಿರುಗಿಸಿ ಮಣ್ಣು ಗುಡಿಸುವುದು, ಬಕೆಟ್ ಎತ್ತಿ ಬಂಡೆಗೆ ಕುಟ್ಟುವುದು, ಮೂಲೆಯ ಒಂದೇ ಹಲ್ಲಿನಿಂದ ಬೇರು ಮೀಟುವುದು: ಪಿನ್ನುಗಳನ್ನು ಬೇಗ ಕೊಲ್ಲುವ ಅಭ್ಯಾಸಗಳು ಇವು. ಆಪರೇಟರ್ ಅಣ್ಣಂದಿರಿಗೆ ಇದು ಗೊತ್ತಿಲ್ಲವೆಂದಲ್ಲ, ತಾಸಿನ ಬಾಡಿಗೆಯ ಲೆಕ್ಕದಲ್ಲಿ ಮಾಲೀಕರು ಅವಸರ ಮಾಡಿದಾಗ ಹೀಗಾಗುತ್ತದೆ. ಹಾಗಾಗಿ ಈ ಮಾತು ಮಾಲೀಕರಿಗೂ ಸೇರಿದ್ದು.

ಮೂಲೆಯ ಹಲ್ಲುಗಳು ನಡುವಿನವಕ್ಕಿಂತ ಬೇಗ ಸವೆಯುತ್ತವೆ. ಆಗಾಗ ಮೂಲೆಯದನ್ನು ನಡುವಿಗೆ, ನಡುವಿನದನ್ನು ಮೂಲೆಗೆ ಬದಲಿಸಿ. ಮೇಲೂ ಕೆಳಗೂ ಒಂದೇ ಆಕಾರದ ಹಲ್ಲಾದರೆ ತಿರುವಿ ಹಾಕಿ. ಪ್ರತಿ ಬಾರಿಯೂ ಲಾಕ್ ಹೊಸದೇ ಇರಲಿ. ಉದ್ದದಲ್ಲಿ ಅರ್ಧದಷ್ಟು ಸವೆದ ಹಲ್ಲನ್ನು ತೆಗೆದುಬಿಡಿ. ಮೊನೆ ತೂತಾಗಿ ಒಳಗಿನ ಮೂಗು ಕಾಣುವವರೆಗೆ ಓಡಿಸಿದರೆ ಹಲ್ಲಿನಲ್ಲಿ ಉಳಿಸಿದ ಹಣದ ಹಲವು ಪಟ್ಟು ಅಡಾಪ್ಟರಿಗೆ ಹೋಗುತ್ತದೆ.

ಪತ್ತನಾಜೆ (ಮೇ ಕೊನೆಯ ಭಾಗದಲ್ಲಿ ಬರುವ ತುಳುವರ ಆಚರಣೆಯ ದಿನ) ಕಳೆದು ಮಳೆ ಹಿಡಿದ ಮೇಲೆ ಅನೇಕ ಯಂತ್ರಗಳು ಆಟಿ (ಆಗಸ್ಟ್ ಮಧ್ಯಕ್ಕೆ ಕೊನೆಯಾಗುವ ತುಳು ತಿಂಗಳು) ಮುಗಿಯುವವರೆಗೆ ನಿಂತಲ್ಲೇ ನಿಂತಿರುತ್ತವೆ. ನಿಲ್ಲಿಸುವ ಮೊದಲು ಹಲ್ಲುಗಳನ್ನೆಲ್ಲ ಬಿಚ್ಚಿ, ಪೊಳ್ಳಿನ ಮಣ್ಣು ತೊಳೆದು, ಒಣಗಿಸಿ, ಮೂಗಿಗೆ ತೆಳುವಾಗಿ ಗ್ರೀಸ್ ಬಳಿದು ಗೋಣಿಚೀಲ ಸುತ್ತಿ ಕಟ್ಟಿ. ಹಲ್ಲು, ಪಿನ್ನುಗಳನ್ನು ಶೆಡ್ಡಿನೊಳಗೆ ನೆಲ ತಾಗದಂತೆ ಹಲಗೆಯ ಮೇಲಿಡಿ. ಮಳೆ ಬಿಟ್ಟು ಕೆಲಸ ಶುರುವಾಗುವ ದಿನ ಮೂಗಿನ ಗ್ರೀಸನ್ನು ಬಟ್ಟೆಯಿಂದ ಪೂರ್ತಿ ಒರೆಸಿ, ಹೊಸ ಲಾಕ್‌ಗಳೊಂದಿಗೆ ಹಲ್ಲು ಏರಿಸಿ.